ಅರಸೊತ್ತಿಗೆಯಿಂದ ಸೌದೆಯ ಹೊರೆಗೆ: ಮೋಳಿಗೆಯ ಮಾರಯ್ಯನ ಕಥನದಲ್ಲಿ ವೃತ್ತಿತ್ಯಾಗದ ಸ್ವರೂಪ

1

ಶರಣರ ಕಥನಗಳಲ್ಲಿ ವೃತ್ತಿಯೇ ಹೆಸರಾಗಿ ನಿಂತವರು ಅನೇಕರಿದ್ದಾರೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ಹಡಪದ ಅಪ್ಪಣ್ಣ, ನುಲಿಯ ಚಂದಯ್ಯ ಮುಂತಾದವರ ಹೆಸರುಗಳನ್ನು ಒಟ್ಟಿಗೆ ಓದಿದರೆ ಹನ್ನೆರಡನೆಯ ಶತಮಾನದ ಕಲ್ಯಾಣದ ಒಂದು ದುಡಿಮೆಯ ನಕ್ಷೆಯೇ ಕಣ್ಣ ಮುಂದೆ ಬರುತ್ತದೆ. ಇವರಲ್ಲಿ ಹಲವರ ವೃತ್ತಿ ಹುಟ್ಟಿನೊಂದಿಗೇ ಬಂದದ್ದು. ಶರಣ ಚಳವಳಿಯು ಅವರಿಗೆ ಹೊಸ ವೃತ್ತಿಯನ್ನು ಕೊಡಲಿಲ್ಲ, ಇದ್ದ ವೃತ್ತಿಗೆ ಹೊಸ ಅರ್ಥವನ್ನು ಕೊಟ್ಟಿತು. ಮೋಳಿಗೆಯ ಮಾರಯ್ಯ ಈ ಸಾಲಿನಲ್ಲಿ ನಿಂತೂ ಈ ಸಾಲಿಗೆ ಪೂರ್ಣವಾಗಿ ಸೇರದವನು. ಮೋಳಿಗೆ ಎಂದರೆ ಸೌದೆಯ ಹೊರೆ. ಪರಂಪರೆಯ ಪ್ರಕಾರ ಆ ಹೊರೆ ಅವನ ತಲೆಗೆ ಹುಟ್ಟಿನಿಂದ ಬಂದದ್ದಲ್ಲ. ಅವನು ಕಾಶ್ಮೀರದ ಮಾಂಡವ್ಯಪುರದ ಅರಸ ಮಹಾದೇವ ಭೂಪಾಲ, ಅವನ ಮಡದಿ ರಾಣಿ ಗಂಗಾದೇವಿ. ಬಸವಣ್ಣನ ಕೀರ್ತಿಯನ್ನು ಕೇಳಿ ಇಬ್ಬರೂ ರಾಜ್ಯವನ್ನು ತೊರೆದು ಕಲ್ಯಾಣಕ್ಕೆ ಬರುತ್ತಾರೆ. ಅರಸ ಕಾಡಿಗೆ ಹೋಗಿ ಸೌದೆ ಕಡಿದು ಪೇಟೆಯಲ್ಲಿ ಮಾರಿ, ಬಂದ ಹಣದಲ್ಲಿ ಜಂಗಮ ದಾಸೋಹ ನಡೆಸುತ್ತಾನೆ. ರಾಣಿ ಮಹಾದೇವಿ ಎಂಬ ಹೆಸರಿನಲ್ಲಿ ಆ ಸಂಸಾರವನ್ನು ನಿಭಾಯಿಸುತ್ತಾಳೆ.

ಈ ಕಥನವನ್ನು ಸಾಮಾನ್ಯವಾಗಿ ಭಕ್ತಿಯ ಮಹಿಮೆಗೆ ನಿದರ್ಶನವಾಗಿ ಓದಲಾಗುತ್ತಿದೆ. ಪ್ರವಚನಗಳಲ್ಲಿ, ಮಕ್ಕಳ ಕಥಾಸಂಗ್ರಹಗಳಲ್ಲಿ ಅದು ತ್ಯಾಗದ ಕಥೆಯೆಂದೇ ಪ್ರಸಿದ್ಧವಾಗಿದೆ. ಆದರೆ ತ್ಯಾಗವೆಂಬ ಪದವು ಈ ಕಥೆಯ ಮುಖ್ಯ ಸಂಗತಿಯನ್ನು ಮರೆಮಾಡುತ್ತದೆ. ಮಾರಯ್ಯ ಒಂದು ಕೆಲಸವನ್ನು ಬಿಟ್ಟು ಸುಮ್ಮನೆ ಕೂತವನಲ್ಲ, ಇನ್ನೊಂದು ಕೆಲಸಕ್ಕೆ ಸೇರಿದವನು. ಅರಸುತನವೂ ಒಂದು ವೃತ್ತಿಯೇ. ಅತಿ ದುಬಾರಿಯಾದ, ಒಂದು ಗಳಿಗೆಯೂ ನಿದ್ದೆಗೊಡದ ವೃತ್ತಿ. ಅದನ್ನು ತೊರೆದು ಸರಳವಾದ ದುಡಿಮೆಗೆ ಇಳಿಯುವುದೆಂದರೇನು, ಆ ಇಳಿಯುವಿಕೆಯನ್ನು ಪರಂಪರೆಯು ಏಕೆ ಕೊಂಡಾಡಿತು, ಕೊಂಡಾಡುವಾಗ ಯಾರನ್ನು ಮರೆಯಿತು ಎಂಬ ಪ್ರಶ್ನೆಗಳನ್ನು ಪ್ರಸ್ತುತ ಲೇಖನವು ಎತ್ತಿಕೊಳ್ಳುತ್ತದೆ.

2

ಮೊದಲಿಗೆ ಕಥನದ ಎಳೆಗಳನ್ನು ಬಿಡಿಸಿ ನೋಡಬೇಕು. ಇಲ್ಲಿ ಎರಡು ಮುಖ್ಯ ಘಟನೆಗಳಿವೆ. ಒಂದು, ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದದ್ದು. ಇನ್ನೊಂದು, ಹೊನ್ನಿನ ಪ್ರಸಂಗ. ಮಾರಯ್ಯನಿಲ್ಲದ ಹೊತ್ತಿನಲ್ಲಿ ಬಸವಣ್ಣ ಅವನ ಮನೆಗೆ ಬರುತ್ತಾನೆ. ಮಹಾದೇವಿ ಕೊಟ್ಟ ಅಂಬಲಿಯನ್ನು ಪ್ರಸಾದವೆಂದು ಸ್ವೀಕರಿಸಿ, ಅವರ ಬಡತನಕ್ಕೆ ಮರುಗಿ, ಹೊನ್ನಿನ ಗಂಟನ್ನು ಅಲ್ಲಿಯೇ ಇರಿಸಿ ಹೋಗುತ್ತಾನೆ. ಹೊರೆ ಮಾರಿ ಹಿಂದಿರುಗಿದ ಮಾರಯ್ಯ ಅದನ್ನು ಕಂಡು ನೊಂದು ಆ ಹೊನ್ನನ್ನು ಜಂಗಮರಿಗೆ ಹಂಚಿಬಿಡುತ್ತಾನೆ. ಅನಂತರ ಸೌದೆಯ ಹೊರೆಗೆ ಪಾದೋದಕವನ್ನು ತಳಿಯಲು ಅದು ಹೊನ್ನಾಗುತ್ತದೆ. ಬಸವಣ್ಣ ಬಂದು ತನ್ನ ತಪ್ಪನ್ನು ಒಪ್ಪಿಕೊಳ್ಳುತ್ತಾನೆ.

ಈ ಎರಡನೆಯ ಎಳೆಯು ಹದಿಮೂರನೆಯ ಶತಮಾನದ ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಷ್ಟು ಹಳೆಯದು. ಆ ಕೃತಿಯನ್ನು ಆಧರಿಸಿ ಭೀಮಕವಿ 1369ರಲ್ಲಿ ಕನ್ನಡ ಬಸವಪುರಾಣವನ್ನು ರಚಿಸಿದನು. ಕಾಶ್ಮೀರದ ಎಳೆಯು ವೀರಶೈವ ಪುರಾಣ-ಚರಿತ್ರೆಗಳಲ್ಲಿ ವಿಸ್ತಾರಗೊಳ್ಳುತ್ತ ಹೋದದ್ದು. ಕಥನದ ರಚನೆಯನ್ನು ನೋಡಿದರೆ ಇವೆರಡೂ ಒಂದನ್ನೊಂದು ಅವಲಂಬಿಸಿಲ್ಲ. ಹೊನ್ನಿನ ಪ್ರಸಂಗಕ್ಕೆ ನಾಯಕನು ಅರಸನಾಗಿರಲೇಬೇಕೆಂಬ ಅಗತ್ಯವಿಲ್ಲ. ಸ್ವಾಭಿಮಾನಿಯಾದ ಯಾವ ಸೌದೆಗಾರನಿಗೂ ಅದು ಒಪ್ಪುತ್ತದೆ. ಆದರೂ ಪರಂಪರೆಯು ಆ ಸೌದೆಗಾರನ ಬೆನ್ನ ಹಿಂದೆ ಒಂದು ಸಿಂಹಾಸನವನ್ನು ಇರಿಸಿತು. ಏಕೆ ಇರಿಸಿತು ಎಂಬುದೇ ವಿಮರ್ಶೆಯ ಪ್ರಶ್ನೆ.

ಚರಿತ್ರೆಯ ದೃಷ್ಟಿಯಿಂದ ಕಾಶ್ಮೀರದ ಸಂಗತಿಯನ್ನು ಸಮರ್ಥಿಸುವುದು ಕಷ್ಟ. ಕಲ್ಹಣನ ರಾಜತರಂಗಿಣಿ ಹನ್ನೆರಡನೆಯ ಶತಮಾನದ ಮಧ್ಯಭಾಗದಲ್ಲಿ, ಅಂದರೆ ಬಸವಣ್ಣನ ಕಾಲದಲ್ಲಿಯೇ ರಚಿತವಾದ ಕೃತಿ. ಅದು ಮುಗಿಯುವಾಗ ಕಾಶ್ಮೀರದ ಸಿಂಹಾಸನದಲ್ಲಿದ್ದವನು ಜಯಸಿಂಹ. ರಾಜ್ಯ ತೊರೆದು ದಕ್ಷಿಣಕ್ಕೆ ನಡೆದ ಮಹಾದೇವ ಭೂಪಾಲನು ಆ ರಾಜಾವಳಿಯಲ್ಲಿ ಕಾಣಿಸುವುದಿಲ್ಲ. ಹಾಗೆಂದು ಕಾಶ್ಮೀರದ ಹೆಸರು ಈ ಕಥೆಯೊಳಗೆ ಆಕಾಶದಿಂದ ಬಿದ್ದದ್ದೂ ಅಲ್ಲ. ಕಾಶ್ಮೀರದಿಂದ ಹೊರಟು ಕಲ್ಯಾಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾದ ಬಿಲ್ಹಣನು ವಿಕ್ರಮಾಂಕದೇವಚರಿತವನ್ನು ಬರೆದನು. ಕಾಶ್ಮೀರದ ಅರಸ ಹರ್ಷನು ಕರ್ಣಾಟದ ಮಾದರಿಯ ನಾಣ್ಯಗಳನ್ನು ಟಂಕಿಸಿದನೆಂದು ಕಲ್ಹಣನೇ ಹೇಳುತ್ತಾನೆ. ಈ ಎರಡು ನಾಡುಗಳ ನಡುವೆ ದಾರಿಯಿತ್ತು, ಆ ದಾರಿಯ ನೆನಪೂ ಇತ್ತು. ಶೈವ ಜ್ಞಾನದ ತವರೆಂಬ ಗೌರವವೂ ಕಾಶ್ಮೀರಕ್ಕೆ ಇತ್ತು. ಪಂಡಿತನು ಕಲ್ಯಾಣಕ್ಕೆ ಬಂದು ಆಸ್ಥಾನವನ್ನು ಸೇರಿದನೆಂಬುದು ಚರಿತ್ರೆ. ಅರಸನು ಅದೇ ಕಲ್ಯಾಣಕ್ಕೆ ಬಂದು ಆಸ್ಥಾನವನ್ನು ಸೇರದೆ ಅಡವಿಯನ್ನು ಸೇರಿದನೆಂಬುದು ಕಥನ. ಚರಿತ್ರೆಯ ದಾರಿಯನ್ನೇ ಹಿಡಿದು ಕಥನವು ಅದರ ಕೊನೆಯನ್ನು ಬದಲಿಸಿದೆ. ಆದ್ದರಿಂದ ಮಹಾದೇವ ಭೂಪಾಲನು ಇದ್ದನೇ ಇಲ್ಲವೇ ಎಂಬ ವಾದಕ್ಕಿಂತ, ಅವನು ಜನಮನಸ್ಸಿಗೆ ಏಕೆ ಬೇಕಾದನು ಎಂಬುದು ಜಾನಪದ ಅಧ್ಯಯನಕ್ಕೆ ಹೆಚ್ಚು ಫಲಪ್ರದವಾದ ವಿಚಾರ.

3

ರಾಜ್ಯ ಬಿಟ್ಟ ಅರಸನ ಆಶಯವು ಭಾರತೀಯ ಕಥನಗಳಲ್ಲಿ ಅಪರೂಪವಾದುದಲ್ಲ. ಅದರಲ್ಲಿ ಮೂರು ಮಾದರಿಗಳನ್ನು ಸ್ಥೂಲವಾಗಿ ಗುರುತಿಸಬಹುದು.

ಮೊದಲನೆಯದು ವಿರಕ್ತಿಯ ಮಾದರಿ. ಸಿದ್ಧಾರ್ಥ ಗೌತಮನ ಕಥೆಯಲ್ಲಿ, ಬಾಹುಬಲಿಯ ಕಥೆಯಲ್ಲಿ, ಉತ್ತರ ಭಾರತದ ನಾಥ ಜೋಗಿಗಳು ಹಾಡುವ ಭರ್ತೃಹರಿ ಮತ್ತು ಗೋಪೀಚಂದರ ಕಥೆಗಳಲ್ಲಿ ಅರಸನು ಸಿಂಹಾಸನದೊಂದಿಗೆ ಸಂಸಾರವನ್ನೂ ಉತ್ಪಾದನೆಯ ಲೋಕವನ್ನೂ ಬಿಡುತ್ತಾನೆ. ಅವನ ಕೈಗೆ ಬರುವುದು ಭಿಕ್ಷಾಪಾತ್ರೆ ಅಥವಾ ತಪಸ್ಸು. ಅನ್ನವನ್ನು ದುಡಿಯುವವರು ಬೇರೆಯೇ ಇರುತ್ತಾರೆ.

ಎರಡನೆಯದು ವಿಪತ್ತಿನ ಮಾದರಿ. ರಾಘವಾಂಕನ ಹರಿಶ್ಚಂದ್ರ ಕಾವ್ಯ ಇದಕ್ಕೆ ಕನ್ನಡದ ಶ್ರೇಷ್ಠ ನಿದರ್ಶನ. ಇಲ್ಲಿ ಅರಸ ದುಡಿಯುತ್ತಾನೆ ನಿಜ. ಸುಡುಗಾಡು ಕಾಯುವ ಕೆಲಸಕ್ಕೇ ಇಳಿಯುತ್ತಾನೆ. ಆದರೆ ಅದು ಅವನು ಆರಿಸಿಕೊಂಡ ಕೆಲಸವಲ್ಲ, ಸತ್ಯಕ್ಕಾಗಿ ತೆತ್ತ ಬೆಲೆ. ಕಾವ್ಯದ ಕೊನೆಗೆ ರಾಜ್ಯ ಹಿಂದಿರುಗುತ್ತದೆ. ಮಸಣದ ದುಡಿಮೆಯು ಪರೀಕ್ಷೆಯ ಅವಧಿ ಮಾತ್ರ. ಪರೀಕ್ಷೆ ಮುಗಿದ ಮೇಲೆ ಆ ಕೆಲಸವನ್ನು ಯಾರು ಮಾಡಿದರೆಂದು ಕಾವ್ಯ ಕೇಳುವುದಿಲ್ಲ.

ಮೂರನೆಯದು ಮಾರಯ್ಯನ ಮಾದರಿ. ಇಲ್ಲಿ ಅರಸನು ರಾಜ್ಯವನ್ನು ತಾನಾಗಿ ಬಿಡುತ್ತಾನೆ, ಆದರೆ ಸಂಸಾರವನ್ನಾಗಲಿ ದುಡಿಮೆಯನ್ನಾಗಲಿ ಬಿಡುವುದಿಲ್ಲ. ಮಡದಿಯೊಂದಿಗೇ ಬರುತ್ತಾನೆ. ದುಡಿದೇ ಉಣ್ಣುತ್ತಾನೆ, ದುಡಿದೇ ಉಣಿಸುತ್ತಾನೆ. ಎಲ್ಲಕ್ಕಿಂತ ಮುಖ್ಯವಾಗಿ ಅವನು ಹಿಂದಿರುಗುವುದಿಲ್ಲ. ಹರಿಶ್ಚಂದ್ರನು ಲೋಕದ ನೆನಪಿನಲ್ಲಿ ಉಳಿದದ್ದು ಚಕ್ರವರ್ತಿಯಾಗಿ. ಮಾರಯ್ಯನು ಉಳಿದದ್ದು ಮೋಳಿಗೆಯ ಹೆಸರಿನಲ್ಲಿ. ತಾತ್ಕಾಲಿಕವಾಗಿ ತೊಟ್ಟ ವೇಷಕ್ಕೂ ಬದುಕಾಗಿ ಒಪ್ಪಿಕೊಂಡ ವೃತ್ತಿಗೂ ಇರುವ ಅಂತರವನ್ನು ಈ ಹೆಸರೇ ಸಾರುತ್ತದೆ.

4

ಮಾರಯ್ಯನ ಹೆಸರಿನಲ್ಲಿ ‘ನಿಃಕಳಂಕ ಮಲ್ಲಿಕಾರ್ಜುನ’ ಎಂಬ ಅಂಕಿತದ ಎಂಟುನೂರಕ್ಕೂ ಹೆಚ್ಚು ವಚನಗಳು ದೊರೆತಿವೆ. ಇವುಗಳ ಮುಖ್ಯ ಆಸಕ್ತಿ ಷಟ್‌ಸ್ಥಲ ತತ್ತ್ವ, ಅರಿವು-ಆಚಾರಗಳ ಸಂಬಂಧ, ಡಾಂಭಿಕ ಭಕ್ತಿಯ ಟೀಕೆ ಮುಂತಾದ ವಿಷಯಗಳಲ್ಲಿದೆ. ಆತ್ಮಕಥನವನ್ನು ಹುಡುಕುವ ಓದುಗನಿಗೆ ಅವು ಸುಲಭವಾಗಿ ಒಲಿಯುವುದಿಲ್ಲ. ಆದರೆ ಆನೆ, ಕುದುರೆ, ಭಂಡಾರಗಳ ಪ್ರಸ್ತಾಪದಿಂದ ಆರಂಭವಾಗುವ ಅವನ ಪ್ರಸಿದ್ಧ ವಚನವೊಂದು ನಮ್ಮ ವಿಚಾರಕ್ಕೆ ನೇರವಾಗಿ ಸಂಬಂಧಿಸಿದೆ. ಎಷ್ಟು ಸಿರಿಯಿದ್ದರೂ ಒಬ್ಬನ ಹೊಟ್ಟೆಗೆ ಬೇಕಾದ ಅಕ್ಕಿ ಇಷ್ಟೇ, ಹಾಲು ಇಷ್ಟೇ, ಮಲಗಲು ಬೇಕಾದ ಜಾಗವು ಒಂದು ಮಂಚದ ಅರ್ಧ ಮಾತ್ರ ಎಂಬುದು ಅದರ ಭಾವ.

ಈ ವಚನವನ್ನು ವೈರಾಗ್ಯದ ನುಡಿಯೆಂದು ವ್ಯಾಖ್ಯಾನಿಸುವುದು ರೂಢಿ. ಸಾವಿನ ನೆನಪೂ ಅದರಲ್ಲಿದೆಯಾದ್ದರಿಂದ ಆ ವ್ಯಾಖ್ಯಾನ ತಪ್ಪಲ್ಲ. ಆದರೆ ಅದರ ಆರಂಭದ ಸಾಲುಗಳ ಸ್ವಭಾವವು ವೈರಾಗ್ಯದ್ದಕ್ಕಿಂತ ಲೆಕ್ಕದ್ದು. ಸಿರಿಯು ಕೆಟ್ಟದ್ದೆಂದು ಅದು ಹಳಿಯುವುದಿಲ್ಲ. ಸಿರಿಗೂ ಉಪಭೋಗಕ್ಕೂ ನಡುವೆ ಇರುವ ಅಗಾಧ ವ್ಯತ್ಯಾಸವನ್ನು ಪಡಿ, ಹಾಲು, ಮಂಚಗಳೆಂಬ ಮನೆವಾರ್ತೆಯ ಅಳತೆಗಳಲ್ಲಿ ತೂಗಿ ತೋರಿಸುತ್ತದೆ. ಲಾಯದ ಕುದುರೆಯನ್ನು ಸಾಕಲು, ಗಜಶಾಲೆಗೆ ಮೇವು ಹಾಕಲು, ಭಂಡಾರಕ್ಕೆ ಕಾವಲಿಡಲು ಆಗುವ ವೆಚ್ಚ ಮತ್ತು ಚಿಂತೆಗಳೆಲ್ಲ ಅರಸನ ಪಾಲಿಗೆ. ಅವನಿಗೆ ಅದರಿಂದ ದಕ್ಕುವುದು ಬಡವನ ಮಗ್ಗುಲಲ್ಲಿ ದಕ್ಕುವಷ್ಟೇ ನಿದ್ದೆ. ಅರಸುತನವು ಒಂದು ನಷ್ಟದ ವ್ಯವಹಾರವೆಂಬ ಅರಿವು ಇಲ್ಲಿದೆ. ಇದು ಕಾಡಿನ ಋಷಿ ಆಡುವ ಮಾತಲ್ಲ, ಅಡುಗೆಮನೆಯ ಅಕ್ಕಿಯ ಮಡಕೆಯ ಆಳ ಗೊತ್ತಿದ್ದವನ ಮಾತು. ಮಂಚದ ಅರ್ಧವೆಂಬ ಅಳತೆಯಲ್ಲಿ ಉಳಿದರ್ಧ ಯಾರದೆಂಬ ಸೂಚನೆಯೂ ಅಡಗಿದೆ. ವಿರಕ್ತಿಯ ಮಾದರಿಯಲ್ಲಿ ಮಂಚವೇ ಇರುವುದಿಲ್ಲ. ಮಾರಯ್ಯನ ಸರಳತೆಯು ಸಂಸಾರದೊಳಗಿನದು.

ಈ ವಚನವನ್ನು ಆಡಿದವನು ನಿಜವಾಗಿಯೂ ಅರಸನಾಗಿದ್ದನೆಂದು ವಚನದಿಂದ ಸಿದ್ಧಪಡಿಸಲಾಗುವುದಿಲ್ಲ. ಬಹುಶಃ ಇಂಥ ವಚನಗಳೇ ಅರಸನ ಕಥೆಯನ್ನು ಬರಮಾಡಿಕೊಂಡಿರಬೇಕು. ಆನೆ-ಕುದುರೆಗಳ ನಿರರ್ಥಕತೆಯನ್ನು ಇಷ್ಟು ನಿಖರವಾಗಿ ಹೇಳಬಲ್ಲವನು ಅವುಗಳನ್ನು ಕಂಡವನೇ ಇರಬೇಕೆಂದು ಕೇಳುಗರು ಭಾವಿಸಿರುವುದು ಸಹಜ. ಸೌದೆಗಾರನೊಬ್ಬ ಸಿರಿಯನ್ನು ನಿರಾಕರಿಸಿದರೆ ಕೈಗೆಟುಕದ್ದನ್ನು ಹುಳಿಯೆಂದನೆಂದು ಲೋಕ ನಗುತ್ತದೆ. ಅರಸನು ನಿರಾಕರಿಸಿದರೆ ಮಾತ್ರ ಆ ಮಾತಿಗೆ ತೂಕ ಬರುತ್ತದೆ. ಸೌದೆಗಾರನ ಬೆನ್ನ ಹಿಂದೆ ಸಿಂಹಾಸನವನ್ನು ಇರಿಸಿದ್ದು ಈ ತೂಕಕ್ಕಾಗಿ. ಇದು ಪರಂಪರೆಯ ಜಾಣತನ. ಅದರ ದೌರ್ಬಲ್ಯವೂ ಹೌದು.

5

ಕಾಶ್ಮೀರದಲ್ಲಿಯೂ ಈ ಅರಸನು ಜಂಗಮರಿಗೆ ನಿತ್ಯ ದಾಸೋಹ ನಡೆಸುತ್ತಿದ್ದನೆಂದು ಕಥನ ಹೇಳುತ್ತದೆ. ಕಲ್ಯಾಣದಲ್ಲಿಯೂ ಅವನು ಮಾಡಿದ್ದು ದಾಸೋಹವನ್ನೇ. ಹಾಗಾದರೆ ಬದಲಾದದ್ದೇನು? ಉಣ್ಣುವವರು ಅವರೇ, ಉಣಿಸುವವನೂ ಅವನೇ. ಬದಲಾದದ್ದು ಅನ್ನದ ಮೂಲ. ಕಾಶ್ಮೀರದ ಅನ್ನ ತೆರಿಗೆಯಿಂದ ಬಂದದ್ದು, ಅಂದರೆ ಅನ್ಯರ ದುಡಿಮೆಯಿಂದ ಬಂದದ್ದು. ಕಲ್ಯಾಣದ ಅಂಬಲಿ ತನ್ನ ಕೊಡಲಿಯಿಂದ, ತನ್ನ ತಲೆಯ ಮೇಲಿನ ಸಿಂಬೆಯಿಂದ ಬಂದದ್ದು. ಕಾಯದಿಂದ ಆಗುವುದು ಕಾಯಕವೆಂಬ ಅರ್ಥವನ್ನು ಹಿಡಿದರೆ ಅರಸನ ದಾಸೋಹವು ಎಷ್ಟೇ ದೊಡ್ಡದಾಗಿದ್ದರೂ ಕಾಯಕವಾಗಲಾರದು. ಕೊಡುಗೈಯ ಹಿರಿಮೆಗಿಂತ ಕೊಟ್ಟದ್ದು ಎಲ್ಲಿಂದ ಬಂತೆಂಬ ಪ್ರಶ್ನೆಯನ್ನು ಮುಂದಿಟ್ಟದ್ದು ಶರಣ ಚಿಂತನೆಯ ವೈಶಿಷ್ಟ್ಯ. ಮಾರಯ್ಯನ ಕಥೆ ಆ ಪ್ರಶ್ನೆಯ ದೃಶ್ಯರೂಪ.

ಈ ಹಿನ್ನೆಲೆಯಲ್ಲಿ ಹೊನ್ನಿನ ಪ್ರಸಂಗದ ಇನ್ನೊಂದು ಮುಖ ಗಮನಾರ್ಹವಾಗಿದೆ. ಹೊನ್ನನ್ನು ತಂದಿಟ್ಟವನು ಬಿಜ್ಜಳನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣ. ಅವನು ಆ ಕಾಲದ ಅತ್ಯಂತ ಒತ್ತಡದ ಹುದ್ದೆಯಲ್ಲಿದ್ದವನು. ಅರಸನ ಅನುಮಾನ, ಆಸ್ಥಾನಿಕರ ಚಾಡಿ, ಮಹಾಮನೆಯ ವೆಚ್ಚ ಇವೆಲ್ಲವನ್ನೂ ಹೊತ್ತೂ ಹುದ್ದೆಯನ್ನು ಬಿಡದೆ ಅದನ್ನೇ ಸಮುದಾಯಕ್ಕೆ ಒದಗಿಸಿದವನು. ಹೀಗೆ ಈ ಪ್ರಸಂಗದಲ್ಲಿ ಬಿಟ್ಟವನೂ ಬಿಡದವನೂ ಮುಖಾಮುಖಿಯಾಗುತ್ತಾರೆ. ಬಸವಣ್ಣನ ಕರುಣೆಯಲ್ಲಿ ಕಪಟವಿಲ್ಲ. ಆದರೆ ಬಿಟ್ಟು ಬಂದ ಲೋಕದ ಮೌಲ್ಯವನ್ನೇ ಅದು ಮರಳಿ ಗುಡಿಸಲಿನೊಳಗೆ ತಂದಿಡುತ್ತದೆ. ಅಂಬಲಿ ಕುಡಿಯುವವರು ಕನಿಕರಕ್ಕೆ ಅರ್ಹರೆಂಬುದು ಭಂಡಾರದ ದೃಷ್ಟಿ. ಮಾರಯ್ಯನ ನೋವು ಹೊನ್ನಿನ ಮೇಲಿನದಲ್ಲ, ಆ ದೃಷ್ಟಿಯ ಮೇಲಿನದು. ಕಥನವು ಬಸವಣ್ಣನಿಂದಲೇ ತಪ್ಪೊಪ್ಪಿಸುವುದು ಸಣ್ಣ ಸಂಗತಿಯಲ್ಲ. ಚಳವಳಿಯ ನಾಯಕನನ್ನು ಅದರ ಸೌದೆಗಾರನು ತಿದ್ದುವ ಅವಕಾಶವನ್ನು ಪರಂಪರೆಯೇ ಉಳಿಸಿಕೊಂಡಿದೆ.

ಆದರೆ ಸೌದೆ ಹೊನ್ನಾಗುವ ಪವಾಡವನ್ನು ಕುರಿತು ಒಂದು ತಕರಾರು ಉಳಿಯುತ್ತದೆ. ಸೌದೆಯನ್ನು ಹೊನ್ನು ಮಾಡಬಲ್ಲವನಿಗೆ ಸೌದೆ ಹೊರುವುದು ಒಂದು ಲೀಲೆಯಾಗಿಬಿಡುತ್ತದೆ. ಅವನ ಬಡತನಕ್ಕೆ ಯಾವಾಗ ಬೇಕಾದರೂ ತೆರೆಯಬಹುದಾದ ಹಿಂಬಾಗಿಲೊಂದು ಇದ್ದಂತಾಗುತ್ತದೆ. ಕಾಯಕದ ಘನತೆಯನ್ನು ಸ್ಥಾಪಿಸಲು ಹೊರಟ ಕಥೆಯು ಕೊನೆಗೆ ಹೊನ್ನಿನ ಭಾಷೆಯಲ್ಲಿಯೇ ಗೆಲ್ಲಬೇಕಾಗಿ ಬಂದದ್ದು ಪುರಾಣ ಪ್ರಕಾರದ ಮಿತಿ. ಇದಕ್ಕೆ ಹೋಲಿಸಿದರೆ ನುಲಿಯ ಚಂದಯ್ಯನ ಪ್ರಸಂಗ ಹೆಚ್ಚು ದಿಟ್ಟವಾಗಿದೆ. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಇಷ್ಟಲಿಂಗವನ್ನು ಅವನು ಎತ್ತಿಕೊಳ್ಳದೆ ಕೆಲಸ ಮುಂದುವರಿಸುತ್ತಾನೆ. ಕೊನೆಗೆ ಲಿಂಗವೇ ಅವನ ಹಗ್ಗ ಮಾರುವ ಕೆಲಸಕ್ಕೆ ನಿಲ್ಲಬೇಕಾಗುತ್ತದೆ. ಅಲ್ಲಿ ದೈವವು ದುಡಿಮೆಗೆ ಇಳಿಯುತ್ತದೆ. ಇಲ್ಲಿ ದುಡಿಮೆಯ ಫಲವು ಹೊನ್ನಿಗೆ ಏರುತ್ತದೆ.

6

ಪವಾಡದಿಂದ ಸಡಿಲಗೊಂಡ ಈ ಕಥನವನ್ನು ಬಿಗಿಯಾಗಿ ಹಿಡಿದಿರುವವರು ಹೆಣ್ಣುಮಕ್ಕಳು. ಆಯ್ದಕ್ಕಿ ಮಾರಯ್ಯ ಮಹಾಮನೆಯ ಅಂಗಳದಿಂದ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳುತ್ತಾಳೆ. ಕಾಯಕವನ್ನು ಕೈಲಾಸಕ್ಕೆ ಸಮೀಕರಿಸಿದ ನುಡಿಯು ಈ ಮಾರಯ್ಯನ ವಚನದಿಂದ ಬಂದು ನಾಡಿನ ಬಾಯಲ್ಲಿ ನೆಲೆಸಿತು. ಆದರೆ ಆ ನುಡಿಗೆ ಅಳತೆಯನ್ನು ಕೊಟ್ಟವಳು ಲಕ್ಕಮ್ಮ. ಎಷ್ಟು ದುಡಿಯಬೇಕೆಂಬುದಕ್ಕೆ ಕಾಯಕದ ತತ್ತ್ವ ಉತ್ತರ ಕೊಡುತ್ತದೆ, ಎಷ್ಟಕ್ಕೆ ನಿಲ್ಲಿಸಬೇಕೆಂಬುದಕ್ಕೆ ಲಕ್ಕಮ್ಮನ ಕಥೆ ಉತ್ತರ ಕೊಡುತ್ತದೆ. ಸರಳ ಬದುಕಿನ ನಿಜವಾದ ಕಷ್ಟವಿರುವುದು ಈ ಎರಡನೆಯದರಲ್ಲಿ.

ಮೋಳಿಗೆಯ ಮಹಾದೇವಿಯ ಪಾತ್ರವು ಇನ್ನೂ ಸೂಕ್ಷ್ಮವಾದುದು. ಗೂಳೂರು ಸಿದ್ಧವೀರಣ್ಣಾರ್ಯನ ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೆ ಮೀಸಲಾದ ಭಾಗವಿದೆ. ಲಿಂಗೈಕ್ಯವನ್ನು ಬಯಸುವ ಮಾರಯ್ಯನಿಗೆ ಮಹಾದೇವಿ ಅಲ್ಲಿ ತಿಳಿವಳಿಕೆ ಹೇಳುತ್ತಾಳೆ. ಕೈಲಾಸವೆಂಬ ಬೇರೊಂದು ಠಾವಿಗೆ ಹೋಗಬೇಕೆಂಬ ಅವನ ಹಂಬಲವನ್ನು ಅವಳು ಪ್ರಶ್ನಿಸುತ್ತಾಳೆ. ಐಕ್ಯವು ಇದ್ದಲ್ಲಿಯೇ ಆಗಬೇಕಾದದ್ದೆಂಬುದು ಅವಳ ನಿಲುವು. ಇದನ್ನು ಕೇವಲ ತತ್ತ್ವಚರ್ಚೆಯೆಂದು ಓದಬೇಕಾಗಿಲ್ಲ. ಮಾರಯ್ಯ ಕಾಶ್ಮೀರವನ್ನು ಬಿಟ್ಟು ಕಲ್ಯಾಣಕ್ಕೆ ಬಂದವನು, ಈಗ ಕಲ್ಯಾಣವನ್ನು ಬಿಟ್ಟು ಕೈಲಾಸಕ್ಕೆ ಹೊರಡಬೇಕೆನ್ನುತ್ತಾನೆ. ಬಿಡುವುದೇ ಅವನಿಗೆ ಅಭ್ಯಾಸವಾಗಿದೆ. ಒಂದು ಠಾವಿನ ಅತೃಪ್ತಿ ಇನ್ನೊಂದು ಠಾವನ್ನು ಕಲ್ಪಿಸುತ್ತದೆ. ಅರಸುತನ ಬಿಟ್ಟರೂ ಅರಸುತನದ ಮೂಲದಲ್ಲಿದ್ದ ‘ಇನ್ನೊಂದು ಬೇಕು’ ಎಂಬ ಬಯಕೆ ಬಿಟ್ಟಿಲ್ಲವೆಂಬುದನ್ನು ಅವಳು ಕಾಣುತ್ತಾಳೆ ಎಂದು ನಾನು ಈ ಭಾಗವನ್ನು ಗ್ರಹಿಸುತ್ತೇನೆ. ವೃತ್ತಿತ್ಯಾಗದ ಬಗೆಗೆ ಕನ್ನಡ ಪರಂಪರೆ ಒಳಗಿನಿಂದಲೇ ಎತ್ತಿದ ಅತ್ಯಂತ ಆಳವಾದ ವಿಮರ್ಶೆ ಇದು. ಅದನ್ನು ಎತ್ತಿದವಳು ಸಿಂಹಾಸನವನ್ನು ಜೊತೆಯಲ್ಲಿಯೇ ಬಿಟ್ಟು ಬಂದು, ಗಂಡ ಕಾಡಿಗೆ ಹೋದಾಗ ಒಲೆಯ ಮುಂದೆ ಕುಳಿತವಳು. ಅವಳ ತ್ಯಾಗಕ್ಕೆ ಪುರಾಣಗಳಲ್ಲಿ ಪ್ರತ್ಯೇಕ ಹೆಸರಿಲ್ಲ. ಮೋಳಿಗೆಯೆಂಬ ವಿಶೇಷಣವೂ ಗಂಡನ ಹೊರೆಯಿಂದಲೇ ಬಂದದ್ದು.

7

ಬೀದರ್ ಸೀಮೆಯ ಹಳ್ಳಿಯೊಂದರಲ್ಲಿ ಶ್ರಾವಣದ ಪುರಾಣ ಪ್ರವಚನ ಮುಗಿದ ರಾತ್ರಿ, ಮಾರಯ್ಯನ ಕಥೆಯನ್ನು ಕೇಳಿ ಎದ್ದ ವಯಸ್ಸಾದ ಹೆಣ್ಣುಮಗಳೊಬ್ಬಳು ನನ್ನಲ್ಲಿ ಒಂದು ಮಾತು ಕೇಳಿದಳು. ಅರಸ ಬಂದು ಕಟ್ಟಿಗೆ ಮಾರಲಿಕ್ಕೆ ನಿಂತಮೇಲೆ, ಅದಕ್ಕೂ ಮುಂಚೆ ಕಲ್ಯಾಣದಲ್ಲಿ ಕಟ್ಟಿಗೆ ಮಾರುತ್ತಿದ್ದವರ ಹೊರೆಗೆ ಗಿರಾಕಿ ಸಿಕ್ಕರೋ ಇಲ್ಲವೋ ಎಂಬುದು ಅವಳ ಅನುಮಾನ. ಕಟ್ಟಿಗೆಯ ಹೊರೆ ಹೊತ್ತ ತಲೆ ಅವಳದು. ಹಲವು ವರ್ಷಗಳ ಕಾಲ ಆ ಕಥೆಯನ್ನು ತರಗತಿಯಲ್ಲಿ ಪಾಠ ಮಾಡಿದ್ದ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಉತ್ತರವೂ ಹೊಳೆಯಲಿಲ್ಲ.

ಆ ಪ್ರಶ್ನೆಯ ಹಿಂದೆ ಒಂದು ಇಡೀ ಲೋಕವಿದೆ. ಸೌದೆಯ ದುಡಿಮೆ ಹೊರಗಿನಿಂದ ನೋಡುವವರಿಗೆ ಸರಳವಾಗಿ ಕಾಣುತ್ತದೆ. ಬಂಡವಾಳ ಬೇಡ, ಲೆಕ್ಕಪತ್ರ ಬೇಡ, ಯಜಮಾನನಿಲ್ಲ. ಒಳಗಿನವರಿಗೆ ಗೊತ್ತಿರುವುದೇ ಬೇರೆ. ಊರ ಹತ್ತಿರದ ಒಣ ಕಟ್ಟಿಗೆ ಮುಗಿದಂತೆ ಅಡವಿ ದೂರವಾಗುತ್ತ ಹೋಗುತ್ತದೆ. ಮಳೆಗಾಲದಲ್ಲಿ ಹಸಿ ಕಟ್ಟಿಗೆಗೆ ಬೆಲೆಯಿಲ್ಲ. ಹೊರೆಯನ್ನು ಹೊತ್ತು ಪೇಟೆಗೆ ಬಂದವಳು ಅದನ್ನು ಮರಳಿ ಮನೆಗೆ ಹೊರಲಾರಳಾದ್ದರಿಂದ ಸಂಜೆಯಾದಂತೆ ಕೊಳ್ಳುವವನು ಹೇಳಿದ್ದೇ ಬೆಲೆಯಾಗುತ್ತದೆ. ವಸಾಹತು ಕಾಲದಲ್ಲಿ ಅಡವಿಗಳು ಸರಕಾರಿ ಮೀಸಲು ಪ್ರದೇಶಗಳಾದಾಗ ಕಾನೂನಿನ ಭಯವೂ ಈ ದುಡಿಮೆಗೆ ಸೇರಿತು. ಸ್ವಾತಂತ್ರ್ಯಾನಂತರ 1963ರ ಕರ್ನಾಟಕ ಅರಣ್ಯ ಕಾಯಿದೆಯೂ ಮೀಸಲು ಅರಣ್ಯದಲ್ಲಿ ಮರ ಕಡಿಯುವುದನ್ನು ನಿರ್ಬಂಧಿಸಿತು. ಹನ್ನೆರಡನೆಯ ಶತಮಾನದಲ್ಲಿ ಕಾಯಕವೆನಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ ಅಪರಾಧವೂ ಆಗಬಹುದಾಯಿತು.

ಹುಟ್ಟಿನಿಂದಲೇ ಸೌದೆ ಹೊತ್ತವಳಿಗೆ ಬಿಟ್ಟು ಬರಲು ಕಾಶ್ಮೀರವಿಲ್ಲ. ಅವಳ ಸರಳತೆಗೆ ಪುರಾಣವಿಲ್ಲ. ಬಿಟ್ಟು ಬಂದವನ ಕಥೆಯು ಬಿಡಲು ಏನೂ ಇಲ್ಲದವರ ಕಥೆಯನ್ನು ಮಸುಕುಗೊಳಿಸುವ ಅಪಾಯ ಯಾವಾಗಲೂ ಇದೆ. ಈ ಅಪಾಯದ ಅರಿವು ಜನಪದರಲ್ಲಿ ಇತ್ತೆಂಬುದಕ್ಕೆ ದಕ್ಷಿಣ ಕರ್ನಾಟಕದ ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವೇ ಸಾಕ್ಷಿ. ಅಲ್ಲಿಯ ಕಲ್ಯಾಣ ಪಟ್ಟಣದ ಭಾಗದಲ್ಲಿ ಮಂಟೇಸ್ವಾಮಿ ಕೊಳಕು ವೇಷದಲ್ಲಿ ಬಂದು ಬಸವಣ್ಣನ ಮನೆಯಲ್ಲಿ ಉಣ್ಣುತ್ತಿದ್ದ ಒಂದು ಲಕ್ಷ ತೊಂಬತ್ತಾರು ಸಾವಿರ ಶರಣರನ್ನು ಪರೀಕ್ಷಿಸುತ್ತಾನೆ. ಪರೀಕ್ಷೆಯಲ್ಲಿ ಆ ದೊಡ್ಡ ಸಮೂಹ ನಿಲ್ಲುವುದಿಲ್ಲ. ಪುರಾಣಗಳು ದಾಸೋಹ ಮಾಡುವವನ ಕಡೆಯಿಂದ ಕಲ್ಯಾಣವನ್ನು ನೋಡಿದರೆ, ಈ ಮೌಖಿಕ ಕಾವ್ಯವು ಪಂಕ್ತಿಯ ಹೊರಗೆ ನಿಂತವರ ಕಡೆಯಿಂದ ನೋಡುತ್ತದೆ. ಆ ಮುದುಕಿಯ ಪ್ರಶ್ನೆಯೂ ಇದೇ ನೋಟದ ಕುಲಕ್ಕೆ ಸೇರಿದ್ದು.

ಹಾಗಾದರೆ ಮಾರಯ್ಯನ ಕಥೆಯನ್ನು ಕೈಬಿಡಬೇಕೇ? ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ. ಆ ಕಥೆಗೆ ಎರಡು ಬಲಗಳಿವೆ. ಸೌದೆ ಹೊರುವುದು ಅರಸನಿಗೂ ಅವಮಾನವಲ್ಲವೆಂದು ಅದು ಸಾರಿದಾಗ, ಜಾತಿಯಿಂದ ವೃತ್ತಿಗಳ ಮೇಲು-ಕೀಳುಗಳನ್ನು ನಿರ್ಧರಿಸುತ್ತಿದ್ದ ಸಮಾಜದಲ್ಲಿ ಆ ಸೌದೆಗಾರಳ ಪಕ್ಕದಲ್ಲಿ ಒಬ್ಬ ಅರಸನನ್ನು ನಿಲ್ಲಿಸಿದಂತಾಯಿತು. ಅರಸನನ್ನು ಆಶೀರ್ವಾದ ಮಾಡಲು ಅಲ್ಲಿಗೆ ತಂದಿಲ್ಲ, ಹೊರೆ ಹೊರಿಸಲು ತಂದಿದೆ. ಎರಡನೆಯದಾಗಿ, ಅವನು ಹಿಂದಿರುಗದಂತೆ ಕಥೆಯು ದಾರಿಯನ್ನು ಮುಚ್ಚಿದೆ. ಹೊನ್ನಿನ ಗಂಟು ಬಂದದ್ದು ಆ ದಾರಿಯನ್ನು ತೆರೆಯಲು. ಅದು ಅವನ ಮನೆಯಲ್ಲಿ ನಿಲ್ಲಲಿಲ್ಲ.

8

ಈಚಿನ ಎರಡು ದಶಕಗಳಲ್ಲಿ ಮಾರಯ್ಯನ ಆಶಯವು ಹೊಸ ರೂಪದಲ್ಲಿ ಕಾಣಿಸಿಕೊಳ್ಳುತ್ತಿದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ದೊಡ್ಡ ಸಂಬಳವನ್ನು, ಅದರೊಂದಿಗೆ ಬರುವ ಸಾಲ, ನಿದ್ರಾಹೀನತೆ, ರಸ್ತೆಯಲ್ಲಿ ಸವೆಯುವ ಗಂಟೆಗಳನ್ನು ಬಿಟ್ಟು ಹಳ್ಳಿಗೆ ಹೋಗಿ ತೋಟ ಮಾಡುವ, ಗಾಣ ಹಾಕುವ, ಹಸು ಸಾಕುವ ಯುವಕ ಯುವತಿಯರ ಕಥೆಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಪ್ರಕಟವಾಗುತ್ತಿವೆ. ಇವರ ಬಳಲಿಕೆ ಸುಳ್ಳಲ್ಲ, ಆಯ್ಕೆಯಲ್ಲಿ ಪ್ರಾಮಾಣಿಕತೆಯಿಲ್ಲವೆಂದು ಹೇಳಲು ನಮಗೆ ಅಧಿಕಾರವೂ ಇಲ್ಲ. ಆದರೆ ಈ ಕಥೆಗಳನ್ನು ಬರೆಯುವವರ ಶೈಲಿ ಪುರಾಣಕಾರರದ್ದೇ. ಬಿಟ್ಟ ಸಂಬಳದ ಮೊತ್ತವನ್ನು ಮೊದಲ ಸಾಲಿನಲ್ಲಿ ಹೇಳಲಾಗುತ್ತದೆ; ಮಣ್ಣು ಹೊನ್ನಾದ ಪವಾಡವು, ಅಂದರೆ ತೋಟದ ಆದಾಯವು, ಕೊನೆಯ ಸಾಲಿನಲ್ಲಿ ಬರುತ್ತದೆ. ಅದೇ ಊರಿನಲ್ಲಿ ತಲೆತಲಾಂತರದಿಂದ ಒಕ್ಕಲುತನ ಮಾಡಿ, ನಷ್ಟ ತಾಳಲಾರದೆ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದ ನೆರೆಮನೆಯವನು ಕಥೆಯಲ್ಲಿ ಇರುವುದಿಲ್ಲ. ಅವನು ಬಿಟ್ಟು ಹೋದದ್ದೂ ಒತ್ತಡದ, ದುಬಾರಿಯಾದ ವೃತ್ತಿಯನ್ನೇ. ಒಂದೇ ದಾರಿಯಲ್ಲಿ ಎದುರುಬದುರಾಗಿ ಹೋಗುವ ಇಬ್ಬರಲ್ಲಿ ಒಬ್ಬನ ಪ್ರಯಾಣ ತ್ಯಾಗವೆನಿಸಿ ಇನ್ನೊಬ್ಬನದು ವಲಸೆ ಮಾತ್ರವಾಗುವುದನ್ನು ಜಾನಪದ ವಿದ್ವಾಂಸರು ಗಮನಿಸದೆ ಇರಲಾಗದು.

ಇಂಥ ಹೊಸ ಕಥನಗಳನ್ನು ಅಳೆಯಲು ಬೇಕಾದ ಮಾನದಂಡಗಳನ್ನು ಹಳೆಯ ಕಥನವೇ ಒದಗಿಸುತ್ತದೆ. ಅನ್ನದ ಮೂಲ ಬದಲಾಗಿದೆಯೇ ಅಥವಾ ಅನ್ನದ ರುಚಿ ಮಾತ್ರ ಬದಲಾಗಿದೆಯೇ? ಇದು ಮಾರಯ್ಯನ ಪ್ರಶ್ನೆ. ಸಾಕೆಂಬ ಅಳತೆ ಇದೆಯೇ? ಇದು ಲಕ್ಕಮ್ಮನ ಪ್ರಶ್ನೆ. ಬಿಟ್ಟು ಬಂದವನು ಇನ್ನೊಂದು ಠಾವಿಗೆ ಹಂಬಲಿಸುತ್ತಿದ್ದಾನೆಯೇ? ಇದು ಮಹಾದೇವಿಯ ಪ್ರಶ್ನೆ. ಮೊದಲಿನಿಂದ ಅಲ್ಲಿದ್ದವರ ಹೊರೆಗೆ ಬೆಲೆ ಉಳಿಯಿತೇ? ಇದು ಹೆಸರಿಲ್ಲದ ಆ ಮುದುಕಿಯ ಪ್ರಶ್ನೆ. ಮೊದಲ ಮೂರನ್ನು ನಮ್ಮ ಗ್ರಂಥಪರಂಪರೆಯು ದಾಖಲಿಸಿಕೊಂಡಿದೆ. ನಾಲ್ಕನೆಯದು ಇನ್ನೂ ಪ್ರವಚನದ ಜಗುಲಿಯ ಕೆಳಗೆಯೇ ಉಳಿದಿದೆ. ಶರಣ ಕಥನಗಳನ್ನು ಮರಳಿ ಸಂಪಾದಿಸುವ, ವ್ಯಾಖ್ಯಾನಿಸುವ ಕೆಲಸದಲ್ಲಿ ತೊಡಗಿರುವವರು ಕಥೆ ಹೇಳುವವರ ಪಾಠಗಳೊಂದಿಗೆ ಕಥೆ ಕೇಳುವವರ ಪ್ರಶ್ನೆಗಳನ್ನೂ ಸಂಗ್ರಹಿಸಬೇಕಾದುದು ಅಗತ್ಯ. ಮೋಳಿಗೆಯ ನಿಜವಾದ ತೂಕ ಗೊತ್ತಿರುವುದು ಅದನ್ನು ಇಳಿಸಲು ಬೇರೆ ದಾರಿಯಿಲ್ಲದವರಿಗೆ.